ನಮ್ಮ ಸಂಗೀತ ನಿಲ್ಲಿಸಬೇಡಿ ಅಂತ ಕೋರ್ಟಿಗೆ ಹೋದವರು

ಅಮೆರಿಕದ ಅಟ್ಲಾಂಟಾ ನಗರದಲ್ಲಿ ಡಬ್ಲ್ಯೂಜಿಕೆಎ ಅಂತ ಒಂದು ರೇಡಿಯೋ ಸ್ಟೇಷನ್ ಇತ್ತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೇ ಅದರ ಬಂಡವಾಳ. ತನ್ನನ್ನು ತಾನು ‘ಅಟ್ಲಾಂಟಾದ ಕಲೆಗಳ ದನಿ’ ಅಂತ ಕರೆದುಕೊಳ್ಳುತ್ತಿತ್ತು. 1968ರಲ್ಲಿ ಮಾಲೀಕರು ಅದನ್ನು ಮಾರಲು ಹೊರಟರು. ಕೊಳ್ಳುವ ಕಂಪನಿಗೆ ಶಾಸ್ತ್ರೀಯ ಸಂಗೀತ ಬೇಕಿರಲಿಲ್ಲ, ಜನಪ್ರಿಯ ಹಾಡುಗಳನ್ನು ಹಾಕುವುದು ಅದರ ಲೆಕ್ಕಾಚಾರ.

ಅಂಗಡಿ ಮಾರಿದ ಹಾಗೆ ಅಲ್ಲಿ ರೇಡಿಯೋ ಸ್ಟೇಷನ್ ಮಾರಲು ಬರುವುದಿಲ್ಲ. ತರಂಗಾಂತರ ಜನರದ್ದು, ಸ್ಟೇಷನ್ ನಡೆಸುವವರ ಕೈಯಲ್ಲಿರುವುದು ಲೈಸೆನ್ಸು ಮಾತ್ರ. ಅದು ಕೈ ಬದಲಾಗಬೇಕಾದರೆ ಎಫ್‌ಸಿಸಿ ಅನ್ನುವ ಕೇಂದ್ರ ಆಯೋಗ ಒಪ್ಪಬೇಕು. ಒಪ್ಪುವ ಮುಂಚೆ ಇದರಿಂದ ಸಾರ್ವಜನಿಕ ಹಿತ ಕಾಪಾಡಿದ ಹಾಗಾಗುತ್ತದೆಯೇ ಅಂತ ನೋಡಬೇಕು. 1934ರ ಕಾನೂನು ಹೇಳುವುದು ಇದನ್ನೇ. (ನಮ್ಮ ಸುಪ್ರೀಂ ಕೋರ್ಟ್ ಕೂಡ 1995ರಲ್ಲಿ ತರಂಗಾಂತರ ಸಾರ್ವಜನಿಕ ಸ್ವತ್ತು ಅಂತ ತೀರ್ಪು ಕೊಟ್ಟಿದೆ. ಅದರಿಂದ ನಮ್ಮ ಸಂಗೀತಕ್ಕೆ ಎಷ್ಟು ಲಾಭವಾಯಿತು ಅನ್ನೋದು ಬೇರೆ ಮಾತು ಬಿಡಿ!)

ಅಟ್ಲಾಂಟಾದ ಕೇಳುಗರು ಹಿಡಿದುಕೊಂಡಿದ್ದು ‘ಸಾರ್ವಜನಿಕ ಹಿತ’ ಅನ್ನುವ ಈ ಎರಡು ಪದಗಳನ್ನು. ಒಂದು ಸಮಿತಿ ಕಟ್ಟಿಕೊಂಡು, ಬಹಿರಂಗ ವಿಚಾರಣೆ ನಡೆಸಿ ಅಂತ ಆಯೋಗವನ್ನು ಕೇಳಿದರು. ಆಯೋಗ ವಿಚಾರಣೆ ಇಲ್ಲದೆಯೇ ಮಾರಾಟಕ್ಕೆ ಅಸ್ತು ಅಂದುಬಿಟ್ಟಿತು. ಸಮಿತಿಯವರು ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟಿನ ಬಾಗಿಲು ತಟ್ಟಿದರು.

1970ರಲ್ಲಿ ಬಂದ ತೀರ್ಪು ಓದುವುದಕ್ಕೆ ಮಜವಾಗಿದೆ. ಊರಿನಲ್ಲಿ ಶಾಸ್ತ್ರೀಯ ಸಂಗೀತ ಬಯಸುವವರು ಶೇಕಡಾ 16ರಷ್ಟು, ಉಳಿದವರಿಗೆ ಬೇಕಾದ್ದನ್ನು ಕೊಟ್ಟರೆ ತಪ್ಪೇನು ಅನ್ನುವುದು ಆಯೋಗದ ಧೋರಣೆ. ಊರಿಗೆಲ್ಲಾ ಒಂದೇ ಚಾನೆಲ್ ಇದ್ದಿದ್ದರೆ ಈ ಮಾತು ಸರಿ, ಆದರೆ ಅಟ್ಲಾಂಟಾದಲ್ಲಿ ಸುಮಾರು 20 ಇವೆಯಲ್ಲ, ಅವೆಲ್ಲವೂ ಎಲ್ಲ ಜನರಿಗೂ ಸೇರಿದ್ದಲ್ಲವೇ ಎಂಬ ಅರ್ಥದಲ್ಲಿ ಕೋರ್ಟು ಕೇಳಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಊರಿಗೊಂದೇ ಹೋಟೆಲ್ ಇದ್ದರೆ ಹೆಚ್ಚು ಜನ ಕೇಳುವ ಇಡ್ಲಿ ದೋಸೆಯನ್ನೇ ಮಾಡಲಿ, ಬೇಡ ಅನ್ನುವವರು ಯಾರು? ಇಪ್ಪತ್ತು ಹೋಟೆಲ್ ಇದ್ದು ಇಪ್ಪತ್ತರಲ್ಲೂ ದೋಸೆಯೇ ಆದರೆ ಮುದ್ದೆ ಉಣ್ಣುವವನು ಎಲ್ಲಿಗೆ ಹೋಗಬೇಕು? ವಿಚಾರಣೆ ನಡೆಸಿ ಅಂತ ಕೋರ್ಟು ಆಯೋಗಕ್ಕೆ ಹೇಳಿತು.

ಷಿಕಾಗೋದಲ್ಲೂ ಅದೇ ಹೊತ್ತಿಗೆ ಇಂಥದ್ದೇ ಜಗಳ. ಬರ್ನಾರ್ಡ್ ಮತ್ತು ರೀಟಾ ಜೇಕಬ್ಸ್ ದಂಪತಿ 1951ರಲ್ಲಿ ಶುರುಮಾಡಿದ್ದ ಡಬ್ಲ್ಯೂಎಫ್‌ಎಂಟಿ, 1968ರಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯ ಬಳಗದ ಪಾಲಾಯಿತು. ಊರಿನವರು ಅಲ್ಲೂ ಸಮಿತಿ ಕಟ್ಟಿ ಕೋರ್ಟಿಗೆ ಹೋದರು. ಕೊನೆಗೆ 1970ರಲ್ಲಿ ಟ್ರಿಬ್ಯೂನಿನವರು ಇಡೀ ಸ್ಟೇಷನ್ನನ್ನು ಅಲ್ಲಿನ ಶೈಕ್ಷಣಿಕ ಟೀವಿ ಸಂಸ್ಥೆಗೆ ದಾನವಾಗಿ ಕೊಟ್ಟರು. ಅದೇ ಊರಿನ ಡಬ್ಲ್ಯೂಇಎಫ್‌ಎಂಗೆ ಆ ಅದೃಷ್ಟ ಇರಲಿಲ್ಲ. ರೇಡಿಯೋ ತಯಾರಿಸುವ ಜೆನಿತ್ ಕಂಪನಿ ಅದನ್ನು 1972ರಲ್ಲಿ ಮಾರಲು ಹೊರಟಾಗ ಕೇಳುಗರು ಹೋರಾಡಿ 1974ರಲ್ಲಿ ಕೋರ್ಟಿನಲ್ಲಿ ಗೆದ್ದರೂ, 1978ರಲ್ಲಿ ಅಲ್ಲಿ ಶಾಸ್ತ್ರೀಯ ಸಂಗೀತ ನಿಂತೇ ಹೋಯಿತು.

ನ್ಯೂಯಾರ್ಕಿನ ಕಥೆ ಇನ್ನೂ ವಿಚಿತ್ರ. 1974ರ ನವೆಂಬರಿನಲ್ಲಿ ಡಬ್ಲ್ಯೂಎನ್‌ಸಿಎನ್ ಸ್ಟೇಷನ್ ರಾಕ್ ಸಂಗೀತಕ್ಕೆ ತಿರುಗಿತು, ಹೆಸರನ್ನೂ ಬದಲಾಯಿಸಿಕೊಂಡಿತು. ಅದರ ಮಾಲೀಕ ಕಂಪನಿಯ ಅಧ್ಯಕ್ಷರು ವಿಲಿಯಂ ಬಕ್ಲಿ. ಹೌದು, ಆ ಬಲಪಂಥೀಯ ಲೇಖಕರೇ, ಬಾಕ್‌ನ ಕೃತಿಗಳನ್ನು ಹಾರ್ಪ್ಸಿಕಾರ್ಡಿನಲ್ಲಿ ನುಡಿಸುತ್ತಿದ್ದವರು! ವ್ಯಾಪಾರದ ಮುಂದೆ ಬಾಕ್ ಕೂಡ ನಿಲ್ಲಲಿಲ್ಲ ನೋಡಿ. ಕೇಳುಗರು ‘ಲಿಸನರ್ಸ್ ಗಿಲ್ಡ್’ ಕಟ್ಟಿ ಪಟ್ಟು ಹಿಡಿದರು. 1975ರಲ್ಲಿ ಜಿಎಎಫ್ ಅನ್ನುವ ಕಂಪನಿ ಸ್ಟೇಷನ್ ಕೊಳ್ಳಲು ಮುಂದೆ ಬಂತು, ಹಳೆಯ ಸಂಗೀತ, ಹಳೆಯ ಹೆಸರು ಎರಡೂ ವಾಪಸ್ ಬಂದವು.

ಆದರೆ 1976ರಲ್ಲಿ ಆಯೋಗ ಹೊಸ ನೀತಿ ಪ್ರಕಟಿಸಿತು. ಯಾವ ಸ್ಟೇಷನ್ ಯಾವ ಸಂಗೀತ ಹಾಕಬೇಕು ಅನ್ನುವುದನ್ನು ಮಾರುಕಟ್ಟೆಯೇ ನೋಡಿಕೊಳ್ಳುತ್ತದೆ, ನಾವು ತಲೆ ಹಾಕುವುದಿಲ್ಲ ಅಂದಿತು. ಗಿಲ್ಡ್ ಇದರ ಮೇಲೂ ದಾವೆ ಹೂಡಿತು. ಮೇಲ್ಮನವಿ ಕೋರ್ಟು 1979ರಲ್ಲಿ ಕೇಳುಗರ ಪರ ನಿಂತಿತು. 1981ರಲ್ಲಿ ಸುಪ್ರೀಂ ಕೋರ್ಟು ಅದನ್ನು 7-2ರಲ್ಲಿ ತಳ್ಳಿಹಾಕಿತು. ಭಿನ್ನಮತದ ತೀರ್ಪು ಬರೆದವರು ಥರ್ಗುಡ್ ಮಾರ್ಷಲ್. ಮಾರುಕಟ್ಟೆ ಕೈಕೊಟ್ಟಾಗ ಏನು ಮಾಡಬೇಕು ಅನ್ನುವುದಕ್ಕೆ ಈ ನೀತಿಯಲ್ಲಿ ದಾರಿಯೇ ಇಲ್ಲ ಅನ್ನುವುದು ಅವರ ತಕರಾರು. ನನಗೆ ಇವತ್ತಿಗೂ ಅವರದ್ದೇ ಸರಿ ಅನಿಸುತ್ತದೆ. 1993ರ ಡಿಸೆಂಬರಿನಲ್ಲಿ ಡಬ್ಲ್ಯೂಎನ್‌ಸಿಎನ್ ಮತ್ತೆ ರಾಕ್ ಆಯಿತು. ಈ ಸಲ ತಡೆಯಲು ಕಾನೂನು ಇರಲಿಲ್ಲ.

ಆಮೇಲೆ ಉಳಿದುಕೊಂಡ ಹಲವು ಸ್ಟೇಷನ್ನುಗಳು ಕೋರ್ಟಿನಿಂದ ಉಳಿದವಲ್ಲ, ಕೇಳುಗರು ಕೈಯಿಂದ ದುಡ್ಡು ಹಾಕಿದ್ದರಿಂದ ಉಳಿದವು. ಸಿಯಾಟಲ್ಲಿನ ಕಿಂಗ್ ಎಫ್‌ಎಂ 2011ರಲ್ಲಿ ಜಾಹೀರಾತು ಬಿಟ್ಟು ಕೇಳುಗರ ದೇಣಿಗೆಯನ್ನೇ ನಂಬಿಕೊಂಡಿತು. ನ್ಯೂಯಾರ್ಕಿನಲ್ಲಿ 1936ರಿಂದ ನಡೆಯುತ್ತಿದ್ದ ಡಬ್ಲ್ಯೂಕ್ಯೂಎಕ್ಸ್‌ಆರ್ ಅನ್ನು ನ್ಯೂಯಾರ್ಕ್ ಟೈಮ್ಸ್ 2009ರಲ್ಲಿ ಕೈಬಿಟ್ಟಾಗ, ದೇಣಿಗೆಯ ಬಲದ ಡಬ್ಲ್ಯೂಎನ್‌ವೈಸಿ 1.15 ಕೋಟಿ ಡಾಲರ್ ಕೊಟ್ಟು ಅದನ್ನು ಪಡೆಯಿತು. ಆದರೆ ಹಳೆಯ 96.3ರ ಜಾಗ ಸ್ಪ್ಯಾನಿಷ್ ಭಾಷೆಯ ಪ್ರಸಾರಕರಿಗೆ ಹೋಯಿತು, ಶಾಸ್ತ್ರೀಯ ಸಂಗೀತಕ್ಕೆ ಸಿಕ್ಕಿದ್ದು 105.9. ಅಲ್ಲಿ 6,000 ವ್ಯಾಟ್ ಇದ್ದರೆ ಇಲ್ಲಿ ಸುಮಾರು 600. ನಗರದಿಂದ ದೂರದ ಎಷ್ಟೋ ಮನೆಗಳ ರೇಡಿಯೋ ಸೆಟ್ಟುಗಳಲ್ಲಿ ಆ ಸ್ಟೇಷನ್ ಅವತ್ತಿನಿಂದ ಸಿಗದೇ ಹೋಯಿತು.