ಪುಣೆಯಲ್ಲಿ ಹುಟ್ಟಿದ ಕಂಪನಿಗೆ ಬಂಡವಾಳ ಕೂಡಿದ ಬಗೆ

ಇನ್ಫೋಸಿಸ್ ಎಂದರೆ ಬೆಂಗಳೂರು ಎಂದೇ ಎಲ್ಲರ ಎಣಿಕೆ. ಆದರೆ 1981ರಲ್ಲಿ ಅದು ಹುಟ್ಟಿದ್ದು ನಮ್ಮ ಈ ಪುಣೆಯಲ್ಲಿ. ಶಿಡ್ಲಘಟ್ಟದ ನಾರಾಯಣ ಮೂರ್ತಿಯವರೂ ಆರು ಮಂದಿ ಜೊತೆಗಾರರೂ ಕೆಲಸ ತೊಡಗಿದಾಗ ಮೂಲಧನವೆಂದು ಇದ್ದದ್ದು 10,000 ರೂಪಾಯಿ. ಅದೂ ಶಿಗ್ಗಾವಿಯ ಮಗಳು ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಕೊಟ್ಟದ್ದು. 1983ರಲ್ಲಿ ಕಂಪನಿ ಬೆಂಗಳೂರಿಗೆ ಹೋಯಿತು.

ಮೊದಲ ಹಣ ಹೇಗೋ ಹುಟ್ಟುತ್ತದೆ. ಕಷ್ಟವಿರುವುದು ಬೆಳೆಯುವಾಗ. ಕಾರ್ಖಾನೆಯಿದ್ದವರು ಬ್ಯಾಂಕಿಗೆ ಯಂತ್ರ ತೋರಿಸಿಯಾರು, ಜಾಗ ಅಡವಿಟ್ಟಾರು. ತಂತ್ರಾಂಶ ಬರೆಯುವವರ ಬಳಿ ಇರುವುದು ತಲೆಯೊಂದೇ. ಅದನ್ನು ಅಡವಿಟ್ಟುಕೊಳ್ಳುವ ಬ್ಯಾಂಕು ಯಾವುದು? ಐಸಿಐಸಿಐ ಮತ್ತು ಯೂನಿಟ್ ಟ್ರಸ್ಟ್ ಸೇರಿ ಬೆಂಗಳೂರಿನಲ್ಲಿ ಟಿಡಿಐಸಿಐ ಎಂಬ ಸಾಹಸ ಬಂಡವಾಳದ ಸಂಸ್ಥೆ ತೆರೆದದ್ದೇ 1988ರಲ್ಲಿ.

ಷೇರು ಮಾರೋಣವೆಂದರೆ, ಅದಕ್ಕೆ ಅನುಮತಿ ಕೊಟ್ಟು ಬೆಲೆ ಗೊತ್ತುಮಾಡುವವರು ದೆಹಲಿಯ ಹಣಕಾಸು ಮಂತ್ರಾಲಯದ ನಿಯಂತ್ರಣಾಧಿಕಾರಿ. ಅದು 1947ರ ಕಾನೂನು. ಅಲ್ಲಿ ಮಂಜೂರಾಗುವ ಬೆಲೆ ಬಹುಮಟ್ಟಿಗೆ ಕಡಿಮೆಯೇ. ನಾನೂ ಕೇಂದ್ರ ಸರ್ಕಾರದ ಗುಮಾಸ್ತ. ಕಡತದ ನಡಿಗೆ ಎಂಥದೆಂದು ಬಲ್ಲೆ. 1992ರಲ್ಲಿ ಆ ಕಾನೂನು ರದ್ದಾಯಿತು. ಬೆಲೆ ಕಟ್ಟುವುದು ಕಂಪನಿಯ ಕೈಗೇ ಬಂತು.

1993ರ ಫೆಬ್ರುವರಿಯಲ್ಲಿ ಇನ್ಫೋಸಿಸ್ 10 ರೂಪಾಯಿ ಮುಖಬೆಲೆಯ ಷೇರನ್ನು 95 ರೂಪಾಯಿಗೆ ಜನರ ಮುಂದಿಟ್ಟಿತು. ಹರ್ಷದ್ ಮೆಹ್ತಾ ಹಗರಣ ಬಯಲಾಗಿ ವರ್ಷವೂ ತುಂಬಿರಲಿಲ್ಲ, ಷೇರೆಂದರೆ ಜನ ಬೆಚ್ಚುತ್ತಿದ್ದರು. ಹೊಗೆ ಕಾಣದ ಈ ಉದ್ಯಮವೂ ಅನೇಕರಿಗೆ ಅರ್ಥವಾಗಲಿಲ್ಲ. ಇಟ್ಟ ಷೇರುಗಳಿಗೆ ಸಾಕಷ್ಟು ಅರ್ಜಿಗಳೇ ಬರಲಿಲ್ಲ. ಆಗ ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಅದೇ 95 ರೂಪಾಯಿಯಂತೆ ಶೇಕಡ 13ರಷ್ಟು ಪಾಲು ಕೊಂಡು ಕೈಹಿಡಿಯಿತು. ಜೂನ್‌ನಲ್ಲಿ ಪೇಟೆಯಲ್ಲಿ ವಹಿವಾಟು ಶುರುವಾದದ್ದು 145 ರೂಪಾಯಿಗೆ.

ಈಚಿನ ರೀತಿಯೇ ಬೇರೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2014ರ ಜುಲೈನಲ್ಲಿ ಒಂದೇ ಸುತ್ತಿನಲ್ಲಿ 100 ಕೋಟಿ ಡಾಲರ್ ಎತ್ತಿತು, ಅದೂ ಷೇರುಪೇಟೆಯ ಮೆಟ್ಟಿಲು ತುಳಿಯದೆ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಸುರಿದು ಶೇಕಡ 77ರಷ್ಟು ಪಾಲು ಪಡೆಯಿತು. ಬೆಳೆಯುವ ಕಾಲದ ಲಾಭವೆಲ್ಲ ಹೀಗೆ ದೊಡ್ಡ ಹಣದವರ ಮನೆ ಸೇರುತ್ತದೆ. ಸಂಬಳದ ಜನರಿಗೆ ಬಾಗಿಲು ತೆರೆಯುವುದು ಆಮೇಲೆ. 1993ರಲ್ಲಾದರೋ, 9,500 ರೂಪಾಯಿ ಹೊಂದಿಸಿದ ಯಾರೇ ಆಗಲಿ ನೂರು ಷೇರು ಕೇಳಬಹುದಿತ್ತು.

ನಮ್ಮ ತಂದೆಯವರೂ ಆ ಅರ್ಜಿ ತಂದು, ತುಂಬಿ, ವಾರವಿಡೀ ಮೇಜಿನ ಮೇಲಿಟ್ಟಿದ್ದರು. ಕೊನೆಗೆ ಅಕ್ಕನ ಮದುವೆಗೆ ಬೇಕಾದೀತೆಂದು ಆ ಹಣಕ್ಕೆ ಅಂಚೆ ಕಚೇರಿಯಲ್ಲಿ ರಾಷ್ಟ್ರೀಯ ಉಳಿತಾಯ ಪತ್ರ ಕೊಂಡರು. ಮದುವೆ ಚೆನ್ನಾಗಿಯೇ ನಡೆಯಿತು.