ಚರ್ಮದ ಗಾಯಗಳಿಗೆ ಔಷಧಯುಕ್ತ ಹೈಡ್ರೋಜೆಲ್: ಸಾರ್ವಜನಿಕರ ಮಾಹಿತಿಗಾಗಿ

ಹೈಡ್ರೋಜೆಲ್ ಎಂಬುದು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವ ಪಾಲಿಮರ್ ಜಾಲವಾಗಿದ್ದು, ಅದರ ತೂಕದ ಬಹುಪಾಲು ನೀರೇ ಆಗಿರುತ್ತದೆ. ಗಾಯದ ಮೇಲೆ ಹಾಸುವ ಹಾಳೆಯಾಗಿಯೂ ಟ್ಯೂಬಿನಲ್ಲಿ ತುಂಬಿದ ಜೆಲ್ ಆಗಿಯೂ ಇದು ದೊರೆಯುತ್ತದೆ. ಬೆಳ್ಳಿ, ಅಯೋಡಿನ್ ಮುಂತಾದ ರೋಗಾಣುನಾಶಕಗಳನ್ನು ಸೇರಿಸಿದಲ್ಲಿ ಅದನ್ನು ಔಷಧಯುಕ್ತ ಹೈಡ್ರೋಜೆಲ್ ಎನ್ನಲಾಗುತ್ತದೆ.

ಉಪಯೋಗ

ಗಾಯವು ಗಾಳಿಗೆ ಒಣಗಿ ಹಕ್ಕಳೆ ಕಟ್ಟಿದರೆ ಬೇಗ ಮಾಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವ ಇದಕ್ಕೆ ವಿರುದ್ಧವಾದುದು. ಹಂದಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ತೆರೆದಿಟ್ಟ ಗಾಯಗಳಿಗಿಂತ ಪಾಲಿಥೀನ್ ಹಾಳೆಯಿಂದ ಮುಚ್ಚಿ ತೇವವಾಗಿರಿಸಿದ ಗಾಯಗಳಲ್ಲಿ ಹೊಸ ಚರ್ಮವು ಸುಮಾರು ಎರಡು ಪಟ್ಟು ವೇಗವಾಗಿ ಬೆಳೆಯುವುದನ್ನು ಜಾರ್ಜ್ ವಿಂಟರ್ 1962ರಲ್ಲಿ ವರದಿ ಮಾಡಿದರು. ಹೈಡ್ರೋಜೆಲ್ ಈ ತೇವವನ್ನು ಕಾಯ್ದುಕೊಡುತ್ತದೆ, ಉರಿಯನ್ನು ತಗ್ಗಿಸುತ್ತದೆ, ಒಣಗಿ ಅಂಟಿಕೊಂಡ ಸತ್ತ ಅಂಗಾಂಶವನ್ನು ಮೆದುವಾಗಿಸುತ್ತದೆ. ಪಟ್ಟಿ ಬದಲಿಸುವಾಗ ಹೊಸ ಚರ್ಮ ಕಿತ್ತುಬರುವುದಿಲ್ಲ. ನೋವಿಗೆ ಹೆದರಿ ಚಿಕಿತ್ಸೆ ನಿಲ್ಲಿಸುವ ರೋಗಿಗಳಿಗೆ ಇದು ಸಣ್ಣ ಅನುಕೂಲವಲ್ಲ.

ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರವು ವಿಕಿರಣದ ನೆರವಿನಿಂದ ಹೈಡ್ರೋಜೆಲ್ ಹಾಳೆ ತಯಾರಿಸುವ ವಿಧಾನವನ್ನು ಅಭಿವೃದ್ಧಿಪಡಿಸಿ ಉದ್ಯಮಗಳಿಗೆ ವರ್ಗಾಯಿಸಿದೆ. ಇದರಲ್ಲಿ ಜಾಲ ರೂಪುಗೊಳ್ಳುವುದೂ ರೋಗಾಣುಗಳು ನಾಶವಾಗುವುದೂ ಒಂದೇ ಹಂತದಲ್ಲಿ ನೆರವೇರುತ್ತವೆ.

ಎಚ್ಚರಿಕೆ

ಒಣ ಗಾಯ, ಸ್ವಲ್ಪವೇ ಸೋರುವ ಗಾಯ ಹಾಗೂ ಸಣ್ಣ ಸುಟ್ಟಗಾಯಗಳಿಗೆ ಹೈಡ್ರೋಜೆಲ್ ತಕ್ಕುದಾಗಿದೆ. ಹೆಚ್ಚು ಸೋರುವ ಗಾಯಕ್ಕೆ ಬಳಸಿದರೆ ಸುತ್ತಲಿನ ಚರ್ಮ ನೆನೆದು ಬೆಳ್ಳಗಾಗಿ ಗಾಯವು ಹಿಗ್ಗಬಹುದು. ಸೋಂಕಿಲ್ಲದ ಶುದ್ಧ ಗಾಯಕ್ಕೆ ಬೆಳ್ಳಿಯುಕ್ತ ಜೆಲ್ ಸಾಮಾನ್ಯವಾಗಿ ಅನಗತ್ಯ. ಸಲ್ಫಾ ಔಷಧ ಒಗ್ಗದವರು ಸಿಲ್ವರ್ ಸಲ್ಫಡಯಜೀನ್ ಇರುವ ಜೆಲ್ಲನ್ನು ಬಳಸಬಾರದು. ಥೈರಾಯ್ಡ್ ತೊಂದರೆಯುಳ್ಳವರು ಮತ್ತು ಗರ್ಭಿಣಿಯರು ಅಯೋಡಿನ್‌ಯುಕ್ತ ಜೆಲ್ ಬಳಸುವ ಮುನ್ನ ವೈದ್ಯರಿಗೆ ತಿಳಿಸತಕ್ಕದ್ದು.

ಮೈ ಸುಟ್ಟಾಗ ಮೊದಲು ಮಾಡಬೇಕಾದದ್ದು, ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯುವುದು. ಶಾಯಿ, ಟೂತ್‌ಪೇಸ್ಟ್, ಸುಣ್ಣ ಇವುಗಳನ್ನು ಹಚ್ಚಿ ಬಂದರೆ ಗಾಯದ ಆಳವನ್ನು ಗುರುತಿಸುವುದೇ ವೈದ್ಯರಿಗೆ ಕಷ್ಟವಾಗುತ್ತದೆ.

ಮಧುಮೇಹಿಗಳ ಪಾದದ ಹುಣ್ಣಿನ ವಿಷಯದಲ್ಲಿ ವಿಶೇಷ ಜಾಗ್ರತೆ ಅಗತ್ಯ. ಸಾಧಾರಣ ಪಟ್ಟಿಗಿಂತ ಹೈಡ್ರೋಜೆಲ್ ಪಟ್ಟಿಯಿಂದ ಇಂತಹ ಹುಣ್ಣುಗಳು ಹೆಚ್ಚಾಗಿ ಮಾಯುತ್ತವೆ ಎಂಬುದಕ್ಕೆ ಕೆಲವು ಅಧ್ಯಯನಗಳ ಆಧಾರವಿದೆಯಾದರೂ ಅವು ಸಣ್ಣ ಅಧ್ಯಯನಗಳು. ಸಕ್ಕರೆಯ ಹತೋಟಿ, ಪಾದದ ಮೇಲೆ ಭಾರ ಬೀಳದಂತೆ ತಡೆಯುವುದು, ರಕ್ತಸಂಚಾರದ ಪರೀಕ್ಷೆ ಇವು ಇಲ್ಲದಿದ್ದಲ್ಲಿ ಯಾವ ಜೆಲ್ಲೂ ಫಲ ನೀಡದು. ಸ್ಪರ್ಶಜ್ಞಾನ ಕುಂದಿದ ಪಾದದಲ್ಲಿ ನೋವಿಲ್ಲವೆಂಬುದು ಗಾಯ ಗುಣವಾಗುತ್ತಿದೆ ಎಂಬುದರ ಲಕ್ಷಣವಲ್ಲ. ಕೀವು, ದುರ್ವಾಸನೆ, ಜ್ವರ, ಹರಡುವ ಕೆಂಪು ಅಥವಾ ಕಪ್ಪಾದ ಚರ್ಮ ಕಂಡಲ್ಲಿ ಅದೇ ದಿನ ಆಸ್ಪತ್ರೆಗೆ ತೆರಳತಕ್ಕದ್ದು. ತಡವಾದಲ್ಲಿ ಬೆರಳು ಅಥವಾ ಪಾದವನ್ನೇ ತೆಗೆಯಬೇಕಾದೀತು.

ಚಿಕಿತ್ಸಾ ಸೌಲಭ್ಯ

ಗಾಯದ ಪ್ರಥಮ ತಪಾಸಣೆಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ತೀವ್ರ ಸುಟ್ಟಗಾಯಗಳಿಗೆ ಒಳರೋಗಿಯಾಗಿ ಪಡೆಯುವ ಚಿಕಿತ್ಸೆಯು 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ವ್ಯಾಪ್ತಿಗೆ ಒಳಪಡುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯನ್ನು ಜೊತೆಗೆ ತರುವುದು. ತುರ್ತು ಸಂದರ್ಭದಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯದೆ ರೋಗಿಯನ್ನು ನೇರವಾಗಿ ನೋಂದಾಯಿತ ಆಸ್ಪತ್ರೆಗೆ ಕರೆತರಬಹುದು.