ವೃತ್ತಪತ್ರಿಕೆಯ ಕಾಯಕ ಮತ್ತು ಅದರ ಅನ್ನ

2025ನೆಯ ಇಸವಿ ಆಗಸ್ಟ್ 7ರಂದು ಬೆಂಗಳೂರಿನ ಪೂರ್ವದಂಚಿನ ಮಹದೇವಪುರದ ಹೆಸರು ದೇಶದ ಎಲ್ಲ ಭಾಷೆಗಳ ಪತ್ರಿಕೆಗಳಿಗೂ ಪರಿಚಿತವಾಯಿತು. ಲೋಕಸಭೆಯ ವಿರೋಧಪಕ್ಷದ ನಾಯಕರಾದ ಶ್ರೀ ರಾಹುಲ್ ಗಾಂಧಿಯವರು ಆ ದಿನ ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ, 2024ರ ಲೋಕಸಭಾ ಚುನಾವಣೆಯಲ್ಲಿ ಈ ವಿಧಾನಸಭಾ ಕ್ಷೇತ್ರವೊಂದರಲ್ಲಿಯೇ 1,00,250 ಮತಗಳು ಅಕ್ರಮವಾಗಿದ್ದವೆಂದು ಆಪಾದಿಸಿದರು. ಚುನಾವಣಾ ಆಯೋಗವು ಆ ಮಾತನ್ನು ನಿರಾಧಾರವೆಂದು ತಳ್ಳಿಹಾಕಿ, ಪ್ರಮಾಣಪೂರ್ವಕವಾದ ಲಿಖಿತ ಹೇಳಿಕೆ ಕೊಡುವಂತೆ ಕೇಳಿತು. ಆ ವಾದವಿವಾದದ ನಿರ್ಣಯ ಈ ಲೇಖನದ ಉದ್ದೇಶವಲ್ಲ. ನಮ್ಮ ಮನಸ್ಸನ್ನು ಸೆಳೆದದ್ದು ಅದರ ಮರುದಿನಗಳಲ್ಲಿ ನಡೆದ ಒಂದು ಸಣ್ಣ ಸಂಗತಿ. ಕೆಲವು ವರದಿಗಾರರು ಮತದಾರರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಅಲ್ಲಿಯ ಓಣಿಗಳಲ್ಲಿ ನಡೆದರು. ಒಂದೇ ಪುಟ್ಟ ಮನೆಯ ವಿಳಾಸದಲ್ಲಿ ಎಂಬತ್ತು ಮಂದಿಯ ಹೆಸರಿದೆ ಎಂಬ ಮಾತು ನಿಜವೇ ಎಂದು ಬಾಗಿಲು ತಟ್ಟಿ ಕೇಳಿದರು. ಕೂಲಿಗಾಗಿ ಪರಸ್ಥಳದಿಂದ ಬಂದು, ಬಾಡಿಗೆಗೆ ಇದ್ದು, ಹೆಸರು ಬರೆಯಿಸಿ, ಮತ್ತೆ ಬೇರೆಡೆಗೆ ಹೋದವರ ಹೆಸರುಗಳು ಹಾಗೆಯೇ ಉಳಿದಿವೆ ಎಂಬ ಉತ್ತರ ಅವರಿಗೆ ದೊರೆಯಿತು. ದೊಡ್ಡವರ ಆಪಾದನೆ ಒಂದು ಕಡೆ, ದೊಡ್ಡ ಕಛೇರಿಯ ನಿರಾಕರಣೆ ಇನ್ನೊಂದು ಕಡೆ. ನಡುವೆ ಕಾಲ್ನಡಿಗೆಯಲ್ಲಿ ಹೋಗಿ ನೋಡಿ ಬಂದ ಈ ಕೆಲಸಕ್ಕೇ ರಾಜಕೀಯ ಪತ್ರಿಕಾವೃತ್ತಿ ಎಂದು ಹೆಸರು.

ಮಹದೇವಪುರದ ಸುತ್ತಣ ನೆಲ ಹೊಸಬರಿಗೆ ಹೊಸದಲ್ಲ. 1882ರಲ್ಲಿ ಶ್ರೀ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಜನರಿಗೆ ಇಲ್ಲಿ ಭೂಮಿಯನ್ನಿತ್ತರು. ವೈಟ್ ಎಂಬ ಮಹನೀಯರ ಹೆಸರಿನಿಂದ ಅದು ವೈಟ್‌ಫೀಲ್ಡ್ ಆಯಿತು. 1998ರ ಹೊತ್ತಿಗೆ ಅಲ್ಲಿ ಮಾಹಿತಿ ತಂತ್ರಜ್ಞಾನದ ಬೃಹತ್ ಉದ್ಯಾನ ತಲೆಯೆತ್ತಿತು. ಕ್ಷೇತ್ರ ಪುನರ್ವಿಂಗಡಣೆಯ ನಂತರ 2008ರಲ್ಲಿ ಮಹದೇವಪುರ ಸ್ವತಂತ್ರ ವಿಧಾನಸಭಾ ಕ್ಷೇತ್ರವಾಯಿತು. ನಮ್ಮ ಪ್ರಸಾದನಿಲಯದಲ್ಲಿ ಓದಿದ ಎಷ್ಟೋ ಮಂದಿ ಇಂದು ಅಲ್ಲಿ ಮನೆ ಮಾಡಿಕೊಂಡಿದ್ದಾರೆ. ಅಂಥ ಮನೆಗಳಿಗೆ ಹೋದಾಗ ಮಕ್ಕಳು ಈಚೆಗೆ ಕೇಳುತ್ತಿರುವ ಪ್ರಶ್ನೆಯೊಂದುಂಟು: ರಾಜಕೀಯ ವರದಿಗಾರರಾಗಲು ಏನು ಓದಬೇಕು? ತಂದೆತಾಯಿಗಳು ಕೇಳುವುದು ಬೇರೆ: ಬುದ್ಧಿ, ಅದರಲ್ಲಿ ಅನ್ನವುಂಟೆ? ಎರಡನೆಯ ಪ್ರಶ್ನೆ ಲೌಕಿಕವೆಂದು ನಗುವಂಥದಲ್ಲ. ಪತ್ರಿಕಾಕರ್ತನು ಯಾರ ಅನ್ನವನ್ನು ಉಣ್ಣುತ್ತಾನೆಂಬುದರ ಮೇಲೆಯೇ ಅವನ ಲೇಖನಿಯ ಸ್ವಾತಂತ್ರ್ಯ ನಿಂತಿದೆ. ಕನ್ನಡ ಪತ್ರಿಕೆಗಳ ಚರಿತ್ರೆಯನ್ನು ಈ ಒಂದು ಕಣ್ಣಿನಿಂದ ನೋಡಿದರೆ ಅದರ ಬೇರೆಯೇ ಒಂದು ಮುಖ ಕಾಣುತ್ತದೆ.

ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಟಿತು. ಸಂಪಾದಕರಾದ ಹರ್ಮನ್ ಮೋಗ್ಲಿಂಗರು ಬಾಸೆಲ್ ಮಿಷನ್ನಿನ ಪಾದ್ರಿಗಳು. ಅವರ ಜೀವನನಿರ್ವಾಹ ಮಿಷನ್ನಿನದು. ಆದ್ದರಿಂದ ಅಲ್ಲಿ ಅನ್ನದ ಪ್ರಶ್ನೆ ಏಳಲಿಲ್ಲ.

ಅದು ಎದ್ದದ್ದು ಮೈಸೂರು ಸಂಸ್ಥಾನದಲ್ಲಿ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಸ್ಥಾಪನೆಯಾದ ಮೇಲೆ ಸರ್ಕಾರದ ನಡೆಯನ್ನು ಕುರಿತು ಮಾತನಾಡುವುದಕ್ಕೆ ಒಂದು ಎಡೆ ದೊರೆಯಿತು, ಆ ಮಾತನ್ನು ಜನರಿಗೆ ಮುಟ್ಟಿಸುವ ಪತ್ರಿಕೆಗಳೂ ಹುಟ್ಟಿದವು. ನಮ್ಮ ಸಮಾಜದ ಯಜಮಾನ ವೀರಸಂಗಪ್ಪನವರು ನಡೆಸಿದ ‘ಮೈಸೂರು ಸ್ಟಾರ್’ ಅವುಗಳಲ್ಲಿ ಒಂದು. ಆದರೆ ಆ ಕಾಲದ ಪತ್ರಿಕಾಕರ್ತರಲ್ಲಿ ಅಗ್ರಗಣ್ಯರೆಂದರೆ ‘ತಾತಯ್ಯ’ನೆಂದು ಜನ ಪ್ರೀತಿಯಿಂದ ಕರೆದ ಎಂ. ವೆಂಕಟಕೃಷ್ಣಯ್ಯನವರು. ಅವರು 1885ರಲ್ಲಿ ‘ವೃತ್ತಾಂತ ಚಿಂತಾಮಣಿ’ಯನ್ನು ಆರಂಭಿಸಿದರು; ‘ಸಾಧ್ವಿ’ ಮೊದಲಾದವು ಆಮೇಲೆ ಬಂದವು. ಇಷ್ಟಾದರೂ ಅವರಿಗೆ ಅನ್ನ ಬರುತ್ತಿದ್ದುದು ಪತ್ರಿಕೆಯಿಂದಲ್ಲ. ಮೈಸೂರಿನ ಮರಿಮಲ್ಲಪ್ಪನವರ ಶಾಲೆಯ ಮುಖ್ಯೋಪಾಧ್ಯಾಯರಾಗಿ ಅವರು ಜೀವಿಸಿದರು. ಗುರಿಕಾರ ಮರಿಮಲ್ಲಪ್ಪನವರೆಂಬ ದಾನಿಗಳ ದತ್ತಿಯಿಂದ ಹುಟ್ಟಿದ ಶಾಲೆ ಅದು. ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆಯನ್ನು ಪ್ರಕಟಿಸಬಾರದೆಂಬ ಕಠಿಣ ಶಾಸನ ಬಂದಿತು. ತಾತಯ್ಯನವರು ಪ್ರತಿಭಟನಾರ್ಥವಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಪತ್ರಿಕೆಯನ್ನು ನಂಬಿ ಒಲೆ ಹೊತ್ತಿಸುವವರು ಇಂಥ ನಿರ್ಧಾರ ಮಾಡಬಲ್ಲರೆ? ಒಬ್ಬ ಗೃಹಸ್ಥನು ವಿದ್ಯೆಗೆಂದು ಬಿಟ್ಟುಹೋದ ಹಣವು, ಅವನು ಎಣಿಸಿಯೇ ಇರದ ಒಂದು ಸ್ವಾತಂತ್ರ್ಯವನ್ನು ಕಾಯ್ದಿತ್ತು. ದಾನಧರ್ಮದ ಚರಿತ್ರೆಯನ್ನು ಬರೆಯುವವರು ಇದನ್ನು ಲಕ್ಷಿಸಿದಂತೆ ಕಾಣುವುದಿಲ್ಲ.

ಅದೇ ಶಾಸನದ ನೆರಳಿನಲ್ಲಿ ವೃತ್ತಿಗೆ ಕಾಲಿಟ್ಟ ತರುಣರು ಡಿ. ವಿ. ಗುಂಡಪ್ಪನವರು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿ, ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, ಸೋಡಾ ಕಾರ್ಖಾನೆಯಲ್ಲಿ ದುಡಿದು, ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕೆಲಸವನ್ನೂ ಮಾಡಿದವರು. ಅಂಥವರಿಗೆ ಪತ್ರಿಕೆಯ ಕೆಲಸ ಮೊದಲು ದೊರೆತದ್ದು ಹೊಟ್ಟೆಪಾಡಾಗಿಯೇ. 1913ರಲ್ಲಿ ಅವರು ‘ಕರ್ಣಾಟಕ’ ಎಂಬ ಆಂಗ್ಲ ಅರ್ಧವಾರ ಪತ್ರಿಕೆಯನ್ನು ಆರಂಭಿಸಿದರು. ದೇಶೀಯ ಸಂಸ್ಥಾನಗಳ ಪ್ರಜೆಗಳ ಹಕ್ಕುಬಾಧ್ಯತೆಗಳು ಅವರ ಮುಖ್ಯ ವಿಷಯವಾದವು. ದಿವಾನರಾದ ವಿಶ್ವೇಶ್ವರಯ್ಯನವರ ವಿಶ್ವಾಸ ಅವರಿಗಿದ್ದಿತು. ಆದರೂ ಆ ವಿಶ್ವಾಸವನ್ನು ಅವರು ಸಂಬಳವಾಗಿ ಪರಿವರ್ತಿಸಿಕೊಳ್ಳಲಿಲ್ಲ. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಕರ್ನಾಟಕ ವೃತ್ತಪತ್ರಿಕಾಕರ್ತರ ಪ್ರಥಮ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅದೇ ವರ್ಷ ಹೊರಬಂದ ಅವರ ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನು ಈ ವೃತ್ತಿಯ ಆಕಾಂಕ್ಷಿಗಳು ಈಗಲೂ ಓದಬಹುದು. 1970ರಲ್ಲಿ ನಾಡಿನ ಜನರು ಅವರಿಗೆ ಒಂದು ಲಕ್ಷ ರೂಪಾಯಿಗಳ ನಿಧಿಯನ್ನರ್ಪಿಸಿದಾಗ ಅದನ್ನು ತಾವು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಗೆ ಕೊಟ್ಟುಬಿಟ್ಟರು. ಇದನ್ನು ನಾವು ಆದರ್ಶವೆಂದು ಹಾಡಿ ಹೊಗಳುತ್ತೇವೆ. ಆದರೆ ನಮ್ಮ ಕೊಂಡಾಟದಲ್ಲಿ ಸ್ವಲ್ಪ ಸೋಮಾರಿತನವೂ ಸೇರಿದೆ ಎಂದು ನಮಗೆ ತೋರುತ್ತದೆ. ಒಂದು ವೃತ್ತಿ ನಡೆಯುವುದಕ್ಕೆ ಪ್ರತಿಯೊಬ್ಬ ತರುಣನೂ ಗುಂಡಪ್ಪನವರಂತೆ ಬಡತನವನ್ನು ಒಪ್ಪಿಕೊಳ್ಳಬೇಕೆಂದು ಸಮಾಜ ನಿರೀಕ್ಷಿಸುವುದು ನ್ಯಾಯವಲ್ಲ.

ನಮ್ಮವರೇ ಆದ ಇಬ್ಬರನ್ನು ಇಲ್ಲಿ ನೆನೆಯಬೇಕು. ಬನವಾಸಿಯ ಹರ್ಡೇಕರ ಮಂಜಪ್ಪನವರು ಶಿರಸಿಯ ಶಾಲಾ ಮಾಸ್ತರಿಕೆಯನ್ನು ಸ್ವದೇಶೀ ಚಳವಳಿಯ ಪ್ರೇರಣೆಯಿಂದ ತೊರೆದು 1906ರಲ್ಲಿ ದಾವಣಗೆರೆಗೆ ಬಂದು ‘ಧನುರ್ಧಾರಿ’ ವಾರಪತ್ರಿಕೆಯನ್ನು ಹೊರಡಿಸಿದರು. 1908ರ ಶಾಸನ ಬಂದಾಗ ಅದು ಎರಡು ವರ್ಷದ ಕೂಸು. ಅದೇ ವರ್ಷ ಲೋಕಮಾನ್ಯ ತಿಲಕರು ‘ಕೇಸರಿ’ಯ ಲೇಖನಗಳಿಗಾಗಿ ಆರು ವರ್ಷಗಳ ಶಿಕ್ಷೆ ಹೊತ್ತು ಮಂಡಾಲೆಗೆ ಹೋದರೆಂಬುದನ್ನು ನೆನೆದರೆ, ಒಂದು ಪೇಟೆಯೂರಿನಲ್ಲಿ ಕುಳಿತು ಸ್ವದೇಶೀ ವಿಚಾರವನ್ನು ಬರೆಯುವುದು ಎಂಥ ಎದೆಗಾರಿಕೆಯೆಂಬುದು ತಿಳಿಯುತ್ತದೆ. 1913ರಲ್ಲಿ ದಾವಣಗೆರೆಯಲ್ಲಿ ಬಸವಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ತೊಡಗಿದವರೂ ಅವರೇ. ಭಕ್ತರು ಆ ಜಯಂತಿಯನ್ನು ಬಲ್ಲರು, ಆ ಪತ್ರಿಕೆಯನ್ನು ಮರೆತಿದ್ದಾರೆ. ಇನ್ನೊಬ್ಬರು ವಿಜಾಪುರದ ಫ. ಗು. ಹಳಕಟ್ಟಿಯವರು. ವಕೀಲಿಯಿಂದ ಸುಖವಾಗಿ ಬಾಳಬಹುದಾಗಿದ್ದ ಅವರು ತಮ್ಮ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ವಚನಗಳಿಗಾಗಿ 1926ರಲ್ಲಿ ‘ಶಿವಾನುಭವ’ ಹೊರಟಿತೆಂಬುದು ಎಲ್ಲರಿಗೂ ಗೊತ್ತು. ಆದರೆ ಅದೇ ಮುದ್ರಣಾಲಯದಿಂದ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯೂ ಹೊರಟಿತು. ಜುಲೈ 1 ಪತ್ರಿಕಾ ದಿನ. ಜುಲೈ 2 ಹಳಕಟ್ಟಿಯವರ ಜನ್ಮದಿನ. ಈ ಎರಡು ದಿನಗಳನ್ನು ನಮ್ಮ ಸಂಸ್ಥೆಗಳು ಬೇರೆ ಬೇರೆ ಸಭೆಗಳಲ್ಲಿ ಆಚರಿಸುತ್ತ ಬಂದಿರುವುದು ಒಂದು ವಿನೋದವೇ ಸರಿ.

ಮನೆ ಮಾರಿ ನಡೆಸುವ ಪತ್ರಿಕೆ ಎಷ್ಟು ಕಾಲ ನಡೆದೀತು? ಮುಂದಿನ ತಲೆಮಾರು ಬೇರೆ ದಾರಿಗಳನ್ನು ಹುಡುಕಿತು. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ ಲೋಕಶಿಕ್ಷಣ ಟ್ರಸ್ಟಿನ ಆಶ್ರಯದಲ್ಲಿ ನಿಂತಿತು. ಮೊಹರೆ ಹಣಮಂತರಾಯರು ಅದಕ್ಕೆ ಜೀವ ತುಂಬಿದರು. ಬೆಂಗಳೂರಿನಲ್ಲಿ ಉದ್ಯಮಿಗಳಾದ ಕೆ. ಎನ್. ಗುರುಸ್ವಾಮಿಯವರು 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಮತ್ತು ‘ಪ್ರಜಾವಾಣಿ’ಗಳನ್ನು ಸ್ಥಾಪಿಸಿದರು. ‘ಪ್ರಜಾವಾಣಿ’ಯ ಸಂಪಾದಕತ್ವವನ್ನು ಮೊದಲು ವಹಿಸಿದ ಬಿ. ಪುಟ್ಟಸ್ವಾಮಯ್ಯನವರು, ಕಲ್ಯಾಣದ ಕ್ರಾಂತಿಯನ್ನು ಕುರಿತು ‘ಕ್ರಾಂತಿ ಕಲ್ಯಾಣ’ವೆಂಬ ಕಾದಂಬರಿಯನ್ನು ಬರೆದವರೆಂಬುದನ್ನು ನಮ್ಮ ಓದುಗರು ಬಲ್ಲರು. ತಿಂಗಳ ಸಂಬಳ ತಪ್ಪದೆ ಬರುವ ಉದ್ಯೋಗವಾಗಿ ಕನ್ನಡ ಪತ್ರಿಕಾವೃತ್ತಿ ರೂಪುಗೊಂಡದ್ದು ಈ ಕಾಲದಲ್ಲಿ. 1955ರಲ್ಲಿ ಕಾರ್ಯನಿರತ ಪತ್ರಕರ್ತರ ಕಾಯಿದೆ ಬಂದಿತು, ಅದರ ಮೇರೆಗೆ ವೇತನಮಂಡಲಿಗಳು ಬಂದವು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1951ರಿಂದಲೇ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಪತ್ರಿಕೋದ್ಯಮದ ಪಾಠ ಆರಂಭವಾಗಿತ್ತು. ವೃತ್ತಿಗೆ ಪದವಿಯೂ ಪಗಾರವೂ ಒಟ್ಟಿಗೆ ದೊರೆತವೆನ್ನಬಹುದು.

ಇದೇ ಅವಧಿಯಲ್ಲಿ ಇನ್ನೊಂದು ದಾರಿಯೂ ತೆರೆಯಿತು. ‘ಕರ್ಮವೀರ’ದ ಆರ್. ಆರ್. ದಿವಾಕರರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಗಳಾದರು. ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕೋದ್ಯಮವನ್ನು ಓದಿ ಬಂದು 1954ರಲ್ಲಿ ‘ಪ್ರಪಂಚ’ ವಾರಪತ್ರಿಕೆಯನ್ನು ಆರಂಭಿಸಿದ ಪಾಟೀಲ ಪುಟ್ಟಪ್ಪನವರು 1962ರಿಂದ 1974ರವರೆಗೆ ರಾಜ್ಯಸಭೆಯಲ್ಲಿದ್ದರು. ಇವರಿಬ್ಬರ ಯೋಗ್ಯತೆ ಪ್ರಶ್ನಾತೀತ. ಆದರೂ ಪತ್ರಿಕೆಯಿಂದ ಅಧಿಕಾರಪೀಠಕ್ಕೆ ಹೋಗುವ ಏಣಿಯೊಂದಿದೆ ಎಂದು ತಿಳಿದೊಡನೆ, ಕಿರಿಯರು ಬರೆಯುವಾಗ ಏಣಿಯ ಕಡೆಗೊಮ್ಮೆ ಕಣ್ಣು ಹಾಯಿಸತೊಡಗುತ್ತಾರೆ. ಕಾಯಿದೆಗಳಿಂದ ಗುಣವಾಗುವ ದೋಷವಲ್ಲ ಇದು.

ಪಿ. ಲಂಕೇಶರು ವಿಶ್ವವಿದ್ಯಾನಿಲಯದ ಅಧ್ಯಾಪಕ ವೃತ್ತಿಯನ್ನು ಬಿಟ್ಟು 1980ರಲ್ಲಿ ತಮ್ಮ ಹೆಸರಿನ ವಾರಪತ್ರಿಕೆಯನ್ನು ಆರಂಭಿಸಿದಾಗ ಜಾಹೀರಾತುಗಳನ್ನೇ ತೆಗೆದುಕೊಳ್ಳಲಿಲ್ಲ. ಓದುಗನು ಕೊಡುವ ಕಾಸೇ ಅನ್ನ. ಅವರ ಬರೆಹದ ಕಟುತ್ವವನ್ನು ಎಲ್ಲರೂ ಮೆಚ್ಚಲಿಲ್ಲ, ಮಠಗಳೂ ಮೆಚ್ಚಲಿಲ್ಲ. ಆದರೆ ಸರ್ಕಾರಕ್ಕೂ ವ್ಯಾಪಾರಿಗೂ ಹಂಗಿಲ್ಲದೆ ಕನ್ನಡದಲ್ಲಿ ರಾಜಕೀಯ ಪತ್ರಿಕೆಯೊಂದು ಬದುಕಬಲ್ಲದೆಂಬುದು ಆಗ ಸಿದ್ಧವಾಯಿತು. ಅವರ ಮಗಳು ಗೌರಿಯವರನ್ನು 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಅನ್ನದ ಮಾತನ್ನು ಕೇಳುವ ತಂದೆತಾಯಿಗಳ ಮನಸ್ಸಿನಲ್ಲಿ ಈ ಭಯವೂ ಇದೆ, ಅವರು ಬಾಯಿಬಿಟ್ಟು ಹೇಳದಿದ್ದರೂ.

2000ದ ನಂತರ ಖಾಸಗಿ ದೂರದರ್ಶನ ವಾಹಿನಿಗಳು ಬಂದು ನೂರಾರು ತರುಣ ತರುಣಿಯರಿಗೆ ಕೆಲಸ ಕೊಟ್ಟವು. 2020ರ ಮಹಾಮಾರಿಯ ವರ್ಷದಲ್ಲಿ ದೇಶದ ಎಷ್ಟೋ ಪತ್ರಿಕಾಸಂಸ್ಥೆಗಳು ಅಂಥವರನ್ನು ಮನೆಗೂ ಕಳುಹಿಸಿದವು. ಬೆಂಗಳೂರಿನ ವಿಚಿತ್ರವೊಂದನ್ನು ಹೇಳಬೇಕು. 2004ರಲ್ಲಿ ರಾಯಿಟರ್ಸ್ ಸಂಸ್ಥೆಯು ಅಮೆರಿಕದ ಕಂಪನಿಗಳ ವಾರ್ತೆಯನ್ನು ಬರೆಯುವುದಕ್ಕೆಂದು ಈ ನಗರದಲ್ಲಿ ಪತ್ರಕರ್ತರನ್ನು ನೇಮಿಸಿತು. ಇಲ್ಲಿ ಕುಳಿತು ನ್ಯೂಯಾರ್ಕಿನ ಲೆಕ್ಕಪತ್ರವನ್ನು ಓದುವುದಕ್ಕೆ ಸಂಬಳವುಂಟು. ಮಹದೇವಪುರದ ಲೆಕ್ಕಪತ್ರವನ್ನು ಓದುವುದಕ್ಕೆ? ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, 2025ರಲ್ಲಿ ಆ ಪಾಲಿಕೆಯೇ ಐದು ಪಾಲಾಗುವವರೆಗೆ ಚುನಾವಣೆ ನಡೆಯಲಿಲ್ಲ. ಆ ಐದು ವರ್ಷಗಳಲ್ಲಿ, ಆರು ಲಕ್ಷಕ್ಕೂ ಹೆಚ್ಚು ಮತದಾರರಿರುವ ಒಂದು ಕ್ಷೇತ್ರದ ರಸ್ತೆ, ನೀರು, ಕೆರೆಗಳ ವಿಷಯದಲ್ಲಿ ಪ್ರಶ್ನೆ ಕೇಳಲು ವಾರ್ಡಿನ ಪ್ರತಿನಿಧಿಯಿರಲಿಲ್ಲ. ವರ್ತೂರು, ಬೆಳ್ಳಂದೂರು ಕೆರೆಗಳಲ್ಲಿ ನೊರೆ ಎದ್ದಾಗ ಹೊರದೇಶದ ಪತ್ರಿಕೆಗಳೂ ಬರೆದವು. ನೊರೆ ಅಡಗಿದ ದಿನಗಳಲ್ಲಿ ಆ ಹಣ ಎಲ್ಲಿ ಹೋಯಿತೆಂದು ತಿಂಗಳು ತಿಂಗಳೂ ಕಡತ ತೆರೆಸಿ ನೋಡುವ ಕೆಲಸಕ್ಕೆ ಮಾತ್ರ ಯಾರೂ ಸುಲಭವಾಗಿ ಹಣ ಕೊಡುವುದಿಲ್ಲ. ಮತದಾರರ ಪಟ್ಟಿಯನ್ನು ವರದಿಗಾರರು ಓದಿದ್ದು ಕೂಡ ದೆಹಲಿಯಲ್ಲಿ ಸದ್ದಾದ ಮೇಲೆಯೇ.

ಇನ್ನು ಮಕ್ಕಳ ಪ್ರಶ್ನೆ. ಕಾನೂನು, ಅರ್ಥಶಾಸ್ತ್ರ, ಚರಿತ್ರೆ ಇವುಗಳಲ್ಲೊಂದನ್ನು ಮೊದಲು ಚೆನ್ನಾಗಿ ಓದಿ, ಆಮೇಲೆ ಪತ್ರಿಕೋದ್ಯಮದ ಪದವಿಗೆ ಹೋಗುವುದು ಲೇಸೆಂದು ನಮ್ಮ ಅಭಿಪ್ರಾಯ. ಮತದಾರರ ಪಟ್ಟಿ ಸಿದ್ಧವಾಗುವುದು 1950ರ ಜನತಾ ಪ್ರಾತಿನಿಧ್ಯ ಕಾಯಿದೆಯಂತೆ, ಚುನಾವಣೆ ನಡೆಯುವುದು 1951ರ ಕಾಯಿದೆಯಂತೆ. ಹೆಸರು ಸೇರಿಸಲು 6ನೆಯ ನಮೂನೆ, ತೆಗೆಯಲು 7ನೆಯದು, ವಿಳಾಸ ಬದಲಿಸಲು 8ನೆಯದು. ಫಲಿತಾಂಶದ ಮೇಲೆ ತಕರಾರಿದ್ದರೆ 45 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಇಷ್ಟನ್ನು ಬಲ್ಲವನಿಗೆ ಮಹದೇವಪುರದ ಗದ್ದಲದಲ್ಲಿ ಯಾರ ಮಾತು ಎಲ್ಲಿ ನಿಲ್ಲುತ್ತದೆಂಬುದು ಕಾಣುತ್ತಿತ್ತು. ಕನ್ನಡ, ಆಂಗ್ಲಗಳ ಜೊತೆಗೆ ತೆಲುಗು, ತಮಿಳು, ಹಿಂದಿಗಳಲ್ಲಿ ಬಾಗಿಲು ತಟ್ಟಿ ಮಾತನಾಡುವಷ್ಟು ಬಂದರೆ ಆ ಓಣಿಗಳಲ್ಲಿ ಕೆಲಸ ಸಾಗುತ್ತದೆ.

ತಂದೆತಾಯಿಗಳಿಗೆ ಹೇಳುವುದು ಕಷ್ಟ. ಆರಂಭದ ಎರಡು ಮೂರು ವರ್ಷ ಈ ವೃತ್ತಿಯ ಸಂಬಳದಲ್ಲಿ ಬೆಂಗಳೂರಿನ ಬಾಡಿಗೆ ಕಟ್ಟುವುದು ಬಡಮಕ್ಕಳಿಗೆ ದುಸ್ತರ. ಎಷ್ಟೋ ಜನ ಸಮರ್ಥರು ಆಗಲೇ ಬಿಟ್ಟು ಕಂಪನಿಗಳ ಪ್ರಚಾರವಿಭಾಗಕ್ಕೆ ಹೋಗುತ್ತಾರೆ. ವೈದ್ಯಕೀಯ, ಇಂಜಿನಿಯರಿಂಗ್ ಓದುವವರಿಗೆ ಪ್ರಸಾದನಿಲಯದಲ್ಲಿ ಅನ್ನವಿಟ್ಟ ಮಠಗಳು, ಹೊಸದಾಗಿ ವರದಿಗಾರರಾದ ಇಬ್ಬರು ಮೂವರಿಗೆ ಎರಡು ವರ್ಷ ಊಟವಸತಿಯನ್ನು ಕೊಡುವುದು ಅಸಾಧ್ಯವಲ್ಲ. ಒಂದು ಷರತ್ತು ಮಾತ್ರ ಬೇಕು, ಅದು ಕೊಡುವವರ ಮೇಲೆ: ಅವರು ಏನು ಬರೆದರೆಂದು ಮಠವು ಕೇಳಕೂಡದು, ಮಠದ ಲೆಕ್ಕವನ್ನೇ ಕುರಿತು ಬರೆದರೂ ಕೇಳಕೂಡದು. ಇದನ್ನು ಹಳೆಯ ವಿದ್ಯಾರ್ಥಿಗಳ ಮುಂದಿನ ಸಭೆಯಲ್ಲಿ ಇಡುವವರಿದ್ದೇವೆ. ಷರತ್ತಿನ ಎರಡನೆಯ ಭಾಗಕ್ಕೆ ಹಿರಿಯ ಭಕ್ತರು ಕೆಲವರು ಈಗಾಗಲೇ ಆಕ್ಷೇಪವೆತ್ತಿದ್ದಾರೆ. ಆ ಭಾಗವಿಲ್ಲದೆ ಮೊದಲ ಭಾಗವನ್ನು ಸಭೆಯ ಮುಂದಿಡಲು ನಮಗೆ ಮನಸ್ಸಿಲ್ಲ.